ಅಣ್ಣನ ಗಾಡಿ

ಏಪ್ರಿಲ್ ೧೩

ನನ್ನ ಹೆಂಡತಿ ರೋಡಾ ಇವತ್ತು ಬೆಳಗಿನ ವಿಮಾನಕ್ಕೆ ಹೋದಳು. ಹೆರಿಗೆಗೆ ಇನ್ನೂ ತಿಂಗಳಿದೆ. ಈ ಊರಿನಲ್ಲಿ ಹೆರಿಗೆ ಮಾಡಿಸುವವರಿಲ್ಲವಾದ್ದರಿಂದ ಎಲ್ಲ ಬಸುರಿಯರಂತೆ ಅವಳೂ ದೊಡ್ಡಾಸ್ಪತ್ರೆ ಇರುವ ಇಕಾಲುಯಿಟ್‌ಗೆ ಹೋಗಿ ಕಾಯಬೇಕು. ವಿಮಾನದ ಮೆಟ್ಟಿಲ ಹತ್ತಿರ ತಿರುಗಿ ನಿಂತು, "ನೀನಂತೂ ಯಾರ ಹತ್ರಾನೂ ಬಾಯಿ ಬಿಡಲ್ಲ. ಬರೆದಾದ್ರೂ ಇಡು. ಹೊಟ್ಟೇಲೇ ಇಟ್ಕೊಂಡ್ರೆ ಕೊಳೆಯತ್ತೆ" ಅಂದಳು. ಅದಕ್ಕೇ ಬರೆಯಲು ಕೂತಿದ್ದೇನೆ. ಮನೆಮನೆಗೆ ನೀರಿನ ಲಾರಿ ಓಡಿಸುವವನಿಗೆ ಬರೆದು ಅಭ್ಯಾಸವಿಲ್ಲ, ಕೈ ನೋಯುತ್ತದೆ.

ನಿನ್ನೆ ಹುಡುಕಾಟ ನಿಲ್ಲಿಸಿದರು.

ಅಣ್ಣ ಉಯಾರಾಕ್ ಕಳೆದ ತಿಂಗಳ ಕೊನೆಗೆ ಒಬ್ಬನೇ ಸೀಲ್ ಬೇಟೆಗೆ ಹೋದ. ಹೆಪ್ಪುಗಟ್ಟಿದ ಕಡಲು ಮುಗಿದು ತೆರೆದ ನೀರು ಶುರುವಾಗುವ ಅಂಚಿಗೆ. ವಾಪಸು ಬರಲಿಲ್ಲ. ಹುಡುಕಲು ಹೋದವರಿಗೆ ಅವನ ಹಿಮಗಾಡಿ ಮಾತ್ರ ಸಿಕ್ಕಿತು. ಕೀಲಿ ಅದರಲ್ಲೇ ಇತ್ತು, ಬಾನೆಟ್ ತೆರೆದಿತ್ತು, ಸೀಟಿನ ಮೇಲೆ ಚಹಾದ ಲೋಟ. ಬಂದೂಕು ಇರಲಿಲ್ಲ. ಅಷ್ಟರಲ್ಲಿ ಗಾಳಿ ತಿರುಗಿ ಅಂಚಿನ ದೊಡ್ಡದೊಂದು ತುಂಡು ಕಿತ್ತುಕೊಂಡು ತೇಲಿಹೋಗಿತ್ತು. ಎಲ್ಲರೂ ಆ ತುಂಡಿನ ಮಾತೇ ಆಡುತ್ತಾರೆ. ನನ್ನ ತಲೆಯಲ್ಲಿರುವುದು ಬಾನೆಟ್ಟು. ಬಾನೆಟ್ ತೆರೆದಿದೆ ಅಂದರೆ ಎಂಜಿನ್ ಕಾದಿದೆ. ಎಂಜಿನ್ ಕಾದು ಗಾಡಿ ಕೈಕೊಟ್ಟಿದೆ, ಅಣ್ಣ ಬಂದೂಕು ಹೆಗಲಿಗೇರಿಸಿಕೊಂಡು ನಡೆದು ಹೊರಟಿದ್ದಾನೆ. ನಡಿಗೆಯಲ್ಲಿ ಅವನನ್ನು ಮೀರಿಸುವವರು ಈ ಕರಾವಳಿಯಲ್ಲೇ ಇಲ್ಲ. ಯಾವುದೋ ಬೇಟೆಗುಡಿಸಲಿನಲ್ಲಿ ಇದ್ದಾನೆ.

ಗಾಡಿ ಈಗ ನನ್ನ ಶೆಡ್ಡಿನಲ್ಲಿದೆ. ಅಣ್ಣ ಹೊರಡುವ ಸ್ವಲ್ಪ ಮೊದಲು ಅದರ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಬದಲಿಸಿಕೊಟ್ಟವನು ನಮ್ಮ ತಂಗಿ ಲಿಯಾಳ ಗಂಡ ಸಕಿಯಾಸಿ. ಊರಿನ ಅರ್ಧ ಗಾಡಿಗಳು ಅವನ ಕೈಯಲ್ಲೇ ರಿಪೇರಿಯಾಗುವುದು. ಎಲ್ಲಿ ಎಡವಿದ್ದಾನೋ ಬಿಚ್ಚಿ ನೋಡಿಯೇ ಬಿಡುತ್ತೇನೆ.

ಸಂಜೆ ಅಮ್ಮ ಮತ್ತೆ ಹೆಸರಿನ ಮಾತೆತ್ತಿದಳು. ನನಗೆ ಹುಟ್ಟುವ ಕೂಸಿಗೆ ಉಯಾರಾಕ್ ಅಂತ ಇಡಬೇಕಂತೆ. ನಮ್ಮಲ್ಲಿ ಕೂಸಿಗೆ ಇಡುವುದು ಸತ್ತವರ ಹೆಸರನ್ನು. ಹೆಸರಿನ ಜೊತೆ ಅವರೇ ಮರಳಿ ಬರುತ್ತಾರೆ, ಕೂಸು ಗಂಡಾಗಲಿ ಹೆಣ್ಣಾಗಲಿ. ನಾನು ಊಟ ಬಿಟ್ಟು ಶೆಡ್ಡಿಗೆ ಹೋದೆ.

ಏಪ್ರಿಲ್ ೧೪

ಕೂಲೆಂಟ್ ಗೆರೆಯವರೆಗೂ ತುಂಬಿದೆ. ಎಲ್ಲೂ ಸೋರಿಲ್ಲ. ನೀರು ಬೆರೆಸಿದ್ದಾನೇನೋ ಎಂದು ಸ್ವಲ್ಪ ಬಟ್ಟಲಿಗೆ ತೆಗೆದು ಹೊರಗಿಟ್ಟೆ, ಬೆಳಗಿನ ಚಳಿಗೂ ಗಟ್ಟಿಯಾಗಲಿಲ್ಲ. ಸಮಾಧಾನ ಆಗಬೇಕಿತ್ತು, ಸಿಟ್ಟು ಬಂತು.

ಏಪ್ರಿಲ್ ೧೭

ಇವತ್ತು ಥರ್ಮೋಸ್ಟಾಟ್ ಬಿಚ್ಚಿ ತಂದೆ. ಕೂಲೆಂಟ್ ಕಾದಾಗ ಬಾಯಿ ತೆರೆದು ಅದನ್ನು ತಣ್ಣಗಾಗಲು ಬಿಡುವ ಸಣ್ಣ ಬಾಗಿಲು ಅದು. ಅದು ಮುಚ್ಚಿಕೊಂಡೇ ಉಳಿದರೆ ಎಂಜಿನ್ ಬೆಂದುಹೋಗುತ್ತದೆ. ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲಿಟ್ಟು ಕಾಯುತ್ತಿದ್ದೆ. ಅಮ್ಮ ಬಂದು ಇಣುಕಿದಳು.

"ಅಪ್ಪಾ, ಏನ್ ಬೇಯಿಸ್ತಿದೀಯಾ?"

ನನಗಿರುವುದು ಅವಳ ಅಪ್ಪ ಕುಪಾಕನ ಹೆಸರು. ಹಾಗಾಗಿ ನಾನು ತೊಟ್ಟಿಲಲ್ಲಿದ್ದಾಗಿನಿಂದ ಅವಳಿಗೆ ಅಪ್ಪನೇ. ಬೈಯುವುದಾದರೂ ಅಪ್ಪಾ ಅಂತಲೇ ಬೈಯುತ್ತಾಳೆ.

"ಥರ್ಮೋಸ್ಟಾಟ್."

"ಉಪ್ಪು ಹಾಕಿದ್ಯಾ?"

ನಾನು ನಗಲಿಲ್ಲ. ನೀರು ಕುದಿ ಹತ್ತುವ ಮೊದಲೇ ಆ ಹಾಳಾದದ್ದು ಮೆಲ್ಲಗೆ ಬಾಯಿ ತೆರೆಯಿತು. ಹೊರತೆಗೆದರೆ ಮುಚ್ಚಿತು. ಮತ್ತೆ ಮುಳುಗಿಸಿದೆ, ಮತ್ತೆ ತೆರೆಯಿತು. ಸರಿಯಾಗಿಯೇ ಇದೆ.

ಅಮ್ಮ ಒಲೆ ಆರಿಸಿದಳು. "ಅದನ್ನ ಹಾಗೆ ಕುದಿಸಿದ್ರೆ ಅವನು ಬರ್ತಾನಾ?"

"ಗಾಡಿ ಯಾಕೆ ಕೈಕೊಡ್ತು ಅಂತ ಗೊತ್ತಾಗ್ಬೇಕಲ್ಲಮ್ಮ."

"ಅವನು ಹೊರಗೆ ಚಳೀಲಿ ನಿಂತಿದಾನೆ ಕಣಪ್ಪಾ. ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಇನ್ಯಾರ ಮನೆಗೆ ಹೋಗ್ತಾನೆ? ನಿನ್ನ ಕೂಸಿಗೆ ಹೆಸರಿಟ್ಟು ಕರೀ, ಒಳಗೆ ಬರ್ತಾನೆ."

"ನೀನೇ ಕರಿ."

"ಕೂಸು ನಿಂದು. ಒಪ್ಪದ ಬಾಯಿಂದ ಹೆಸರು ಬಂದ್ರೆ ಅದು ನಿಲ್ಲಲ್ಲ."

"ಅಂದ್ರೆ ಅವನು ಹೋದ ಅಂತಾನೇ ನಂಬಿದೀಯಾ ನೀನು?"

ಅವಳು ಹುಬ್ಬು ಏರಿಸಿದಳು. ನಮ್ಮವರು ಹೌದು ಅನ್ನುವುದೇ ಹಾಗೆ, ಆದರೆ ಇಷ್ಟು ದೊಡ್ಡ ಮಾತಿಗೆ ಅಷ್ಟು ಸಣ್ಣ ಹುಬ್ಬು ಸಾಕೇ? ಹೆತ್ತವಳೇ ಹೀಗೆ ಕೈಬಿಟ್ಟರೆ ಹೇಗೆ? ನಾನು ಬಿಡುವುದಿಲ್ಲ.

ಏಪ್ರಿಲ್ ೨೦

ಅಂಗಡಿಯಲ್ಲಿ ಸಕಿಯಾಸಿ ಸಿಕ್ಕಿದ. ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದ. ಶನಿವಾರವಾದ್ದರಿಂದ ಅರ್ಧ ಊರು ಅಲ್ಲೇ ಇತ್ತು.

"ಸಣ್ಣ ಭಾವ, ಗಾಡಿ ಪೂರ್ತಿ ಬಿಚ್ಚಿದೀಯಂತೆ. ಒಬ್ನೇ ಯಾಕೆ ಒದ್ದಾಡ್ತೀಯಾ, ನಾನೂ ಬರ್ತೀನಿ" ಅಂದ.

"ನೀನು ಒಂದ್ಸಲ ಕೈ ಹಾಕಿದ್ದೇ ಸಾಕು" ಅಂದೆ. "ಇನ್ನೂ ಯಾರನ್ನ ಕಳಿಸ್ಬೇಕು ಅಂತಿದೀಯಾ?"

ಮಾತು ಬಾಯಿಂದ ಬಿದ್ದ ಮೇಲೆ ಸಾಲಿನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದ್ದು ಗೊತ್ತಾಯಿತು. ಸಕಿಯಾಸಿ ಹಿಟ್ಟಿನ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ.

"ಗಾಡಿ ಮೂತಿ ಎತ್ತಿ ಕಟ್ಟಿ, ಗುಳ್ಳೆ ನಿಲ್ಲೋವರೆಗೂ ಕೂಲೆಂಟ್ ಒಳಗಿನ ಗಾಳಿ ತೆಗ್ದಿದೀನಿ ಭಾವ. ಹೋಸ್ ಪೈಪೂ ಹೊಸದೇ ಹಾಕಿದ್ದೆ. ಅಂಚಿನ ಹತ್ರ ಹಿಮ ಎಲ್ಲಿರತ್ತೆ? ಬರೀ ಗಾಜಿನಂಥ ಮಂಜುಗಡ್ಡೆ. ಗಾಡಿ ಅಡೀಲಿ ತಿರುಗೋ ಪಟ್ಟಿ ಕೊಳವೆಗೆ ಹಿಮ ಎರಚಿದ್ರೆ ತಾನೇ ಎಂಜಿನ್ ತಣ್ಣಗಾಗೋದು? ಅಲ್ಲಿ ಎಲ್ಲರ ಗಾಡೀನೂ ಕಾಯತ್ತೆ. ನಿಂದೂ ಕಾಯತ್ತೆ."

"ನಂದು ಕಾದ್ರೆ ಒಂದು ಲೋಟ ಚಹಾ ಕುಡಿಯೋಷ್ಟರಲ್ಲಿ ಆರತ್ತೆ. ಅಣ್ಣಂದು ಯಾಕೆ ಆರಲಿಲ್ಲ?"

ಅವನು ಹಿಟ್ಟಿನ ಚೀಲವನ್ನು ಅಲ್ಲೇ ಇಟ್ಟು ಹೊರಟುಹೋದ. ಉತ್ತರ ಇಲ್ಲದವನು ಇನ್ನೇನು ಮಾಡುತ್ತಾನೆ.

ಏಪ್ರಿಲ್ ೨೧

ಗಾಡಿಯ ಮೂತಿ ಎತ್ತಿ ಕಟ್ಟಿ ನೋಡಿದೆ. ಒಂದು ಗುಳ್ಳೆಯೂ ಬರಲಿಲ್ಲ.

ಏಪ್ರಿಲ್ ೨೮

ಈ ವಾರ ಪಂಪ್ ಬಿಚ್ಚಿದೆ. ಅದರ ರೆಕ್ಕೆಗಳು ಹೊಸದರಂತಿವೆ. ಗ್ಯಾಸ್ಕೆಟ್ ಒಡೆದಿದ್ದರೆ ಕೂಲೆಂಟ್ ತೊಟ್ಟಿಯಲ್ಲಿ ಹೊಗೆಯ ವಾಸನೆ ಬರಬೇಕು, ಮೂಗಿಟ್ಟು ನೋಡಿದೆ, ಇಲ್ಲ. ಪಟ್ಟಿಯ ಮೇಲಿನ ತಣಿಸುವ ಕೊಳವೆಗಳಲ್ಲಿ ಕಸ ಕಟ್ಟಿಕೊಂಡಿದೆಯೇ ಎಂದು ಒಂದು ತುದಿಯಿಂದ ಊದಿದೆ, ಇನ್ನೊಂದು ತುದಿಯಿಂದ ಗಾಳಿ ಸಲೀಸಾಗಿ ಬಂತು. ಎಲ್ಲ ಜೋಡಿಸಿ ಚಾಲೂ ಮಾಡಿದರೆ ಒಂದೇ ಸಲಕ್ಕೆ ಹೊತ್ತಿಕೊಂಡು ಗುರ್ ಎಂದಿತು. ನನ್ನನ್ನು ಅಣಕಿಸಿದ ಹಾಗಾಯಿತು.

ಶೆಡ್ಡಿನ ಬಾಗಿಲಲ್ಲಿ ಲಿಯಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

"ಹೊತ್ಕೊಳ್ತಲ್ಲ" ಅಂದಳು.

"ಇಲ್ಲಿ ಹೊತ್ಕೊಳ್ಳತ್ತೆ. ಅಲ್ಲಿ ಏನಾಯ್ತೋ ಯಾರಿಗೆ ಗೊತ್ತು."

"ನಮ್ಮನೇಗೆ ಯಾರೂ ಗಾಡಿ ತರ್ತಿಲ್ಲ ಅಣ್ಣ. ರಿಪೇರಿಗೆ ಬಿಟ್ಟಿದ್ದವ್ರೂ ಬಂದು ತಗೊಂಡ್ಹೋದ್ರು. ನಮ್ಮನೆಯವ್ರು ಮಲಗಲ್ಲ. ಸುಮ್ನೆ ಕೂತು, ಆವತ್ತು ಯಾವ ಬೋಲ್ಟ್ ಆದ್ಮೇಲೆ ಯಾವ ಬೋಲ್ಟ್ ಬಿಗಿ ಮಾಡ್ದೆ ಅಂತ ಬೆರಳು ಮಡಿಸ್ತಾ ಇರ್ತಾರೆ. ತಾನೇ ಏನೋ ಮರ್ತಿರ್ಬೇಕು ಅಂತ ಈಗ ಅವರಿಗೇ ಅನ್ನಿಸೋಕೆ ಶುರುವಾಗಿದೆ."

"ಮರ್ತಿರ್ಬಹುದು."

"ಒಬ್ಬ ಅಣ್ಣ ಹೋದ. ಇನ್ನೊಬ್ಬನೂ ಹೋದ ಹಾಗೆ ಆಗಿದೆ ನಂಗೆ" ಎಂದು ಹೊರಟಳು. ಹಿಂದಿನಿಂದ ಕರೆಯಬೇಕೆನ್ನಿಸಿತು. ಎಂಜಿನ್ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ.

ಮೇ ೨

ರೋಡಾಳ ಫೋನು. ಅಲ್ಲಿನ ವಸತಿಗೃಹದ ಊಟ ಸೇರುವುದಿಲ್ಲವಂತೆ, ಯಾರೋ ಪುಣ್ಯಾತ್ಮರು ಹಸಿ ಹಿಮಸಾರಂಗದ ಮಾಂಸ ತಂದುಕೊಟ್ಟಾಗ ಅತ್ತೇಬಿಟ್ಟಳಂತೆ.

"ಹೆಸರು ಯೋಚ್ನೆ ಮಾಡಿದ್ಯಾ?"

"ಪಂಪ್ ಬಿಚ್ಚಿ ನೋಡ್ದೆ."

"ಹಾಗಾದ್ರೆ ಪಂಪ್ ಅಂತಾನೇ ಇಡೋಣ್ವಾ?"

ಆಮೇಲೆ ಮೆಲ್ಲಗೆ, "ಇಲ್ಲಿ ಬೇರೆಯವ್ರೆಲ್ಲ ಕೂಸು ಬರೋ ಮುಂಚೇನೇ ಅದರ ಹತ್ರ ಹೆಸರು ಹಿಡಿದು ಮಾತಾಡ್ತಾರೆ. ನಂಗೆ ಮಾತ್ರ ಒಳಗಿರೋದು ಯಾರು ಅಂತ ಗೊತ್ತಿಲ್ಲ" ಅಂದಳು. ಫೋನಿಟ್ಟ ಮೇಲೂ ಆ ಮಾತು ಕಿವಿಯಲ್ಲಿ ಉಳಿಯಿತು.

ಇನ್ನು ಬಿಚ್ಚಲು ಏನೂ ಉಳಿದಿಲ್ಲ. ಇರುವ ದಾರಿ ಒಂದೇ. ಅದೇ ಗಾಡಿ, ಅದೇ ಅಂಚು. ಅಲ್ಲಿಗೇ ಓಡಿಸಿ, ಕಾಯಿಸಿ, ಯಾಕೆ ಆರುವುದಿಲ್ಲವೋ ನೋಡುತ್ತೇನೆ.

ಮೇ ೬

ಇದನ್ನು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಹೊರಟೆ. ಅಮ್ಮ ಎಲ್ಲಿಗೆ ಅಂತ ಕೇಳಲಿಲ್ಲ. ಫ್ಲಾಸ್ಕಿಗೆ ಚಹಾ ತುಂಬಿ, ಬ್ಯಾನಕ್ ರೊಟ್ಟಿ ಸುತ್ತಿಕೊಟ್ಟು, "ಅಪ್ಪಾ, ಗಾಳಿ ನೋಡ್ಕೊಂಡಿರು" ಅಂದಳು ಅಷ್ಟೆ. ಅಂಚು ಕಿತ್ತುಹೋದದ್ದು ದಕ್ಷಿಣದ ಗಾಳಿಗೆ. ಇವತ್ತು ಗಾಳಿಯೇ ಇರಲಿಲ್ಲ.

ಹಿಮ ಇರುವವರೆಗೂ ಗಾಡಿ ಚೆನ್ನಾಗಿ ಓಡಿತು. ಅಣ್ಣನ ಗಾಡಿಯಲ್ಲಿ ನಾನು ಯಾವಾಗಲೂ ಹಿಂದೆ ಕೂರುತ್ತಿದ್ದವನು, ಹಿಡಿಕೆ ಹಿಡಿದದ್ದು ಇದೇ ಮೊದಲು. ಅಂಚಿನ ಹತ್ತಿರ ಹಿಮ ತೆಳುವಾಯಿತು, ಆಮೇಲೆ ಗಾಳಿ ಗುಡಿಸಿಹಾಕಿದ ಬೋಳು ಮಂಜುಗಡ್ಡೆ. ಸ್ವಲ್ಪ ದೂರ ಹೋಗುವುದರೊಳಗೆ ಎಂಜಿನ್ ಕಾದಿದೆ ಅನ್ನುವ ಕೆಂಪು ದೀಪ ಹತ್ತಿತು. ಸಿಕ್ಕಿಬಿದ್ದಿತು ಅಂದುಕೊಂಡೆ.

ಗಾಡಿ ನಿಲ್ಲಿಸಿ ಬಾನೆಟ್ ತೆರೆದೆ. ಬಿಸಿ ಮುಖಕ್ಕೆ ಬಡಿಯಿತು. ಮೇಲೆ ಸುರಿಯೋಣವೆಂದರೆ ಒಂದು ಬೊಗಸೆ ಹಿಮವೂ ಅಲ್ಲಿರಲಿಲ್ಲ. ಸರಿ, ಎಷ್ಟು ಹೊತ್ತಾದರೂ ಇದರ ಪಕ್ಕದಲ್ಲೇ ಕೂತು ನೋಡುತ್ತೇನೆ ಎಂದು ಚಹಾ ಬಗ್ಗಿಸಿಕೊಂಡೆ. ಬಿಸಿಲು ಚೆನ್ನಾಗಿತ್ತು. ನೀರಿನ ಕಡೆಯಿಂದ ಬಾತುಗಳ ಸದ್ದು ಬರುತ್ತಿತ್ತು. ಎಂಜಿನ್ ಟಿಕ್ ಟಿಕ್ ಎನ್ನುತ್ತ ಆರುತ್ತಿತ್ತು. ಕಬ್ಬಿಣ ಆರುವುದನ್ನು ನೋಡುತ್ತ ಕೂರುವಷ್ಟು ಬೇಸರದ ಕೆಲಸ ಬೇರೆ ಇಲ್ಲ.

ಆಗ ನೀರಿನಲ್ಲಿ ಒಂದು ಸೀಲ್ ತಲೆ ಎತ್ತಿತು. ದುಂಡಗೆ, ಕಪ್ಪಗೆ, ನನ್ನನ್ನೇ ನೋಡುತ್ತ. ಮುಳುಗಿತು. ಸ್ವಲ್ಪ ಈಚೆಗೆ ಮತ್ತೆ ಎದ್ದಿತು.

ಆಮೇಲೆ ಏನು ಮಾಡಿದೆ ಅನ್ನುವುದು ನನಗೆ ನೆನಪಿಲ್ಲ. ನೆನಪಿಲ್ಲ ಅಂದರೆ, ಅದರಲ್ಲಿ ನೆನಪಿಡುವಂಥದ್ದು ಏನೂ ಇರಲಿಲ್ಲ. ಲೋಟ ಇಟ್ಟೆ, ಬಂದೂಕು ತೆಗೆದುಕೊಂಡೆ, ನಡೆದೆ. ನಮ್ಮಲ್ಲಿ ಯಾರು ಬೇಕಾದರೂ ಅದನ್ನೇ ಮಾಡುತ್ತಾರೆ. ಗಾಡಿ ಆರುವವರೆಗೆ ಸುಮ್ಮನೆ ಯಾಕೆ ಕೂರುವುದು? ಸೀಲ್ ಕಂಡ ಮೇಲೆ ಕೂರುವುದಾದರೂ ಹೇಗೆ? ಬೂಟಿನ ಕೆಳಗೆ ಮಂಜುಗಡ್ಡೆಯ ಸದ್ದು ಬದಲಾದಾಗಲೇ ನಾನು ನೆಲ ನೋಡಿದ್ದು. ಬೂದು ಬಣ್ಣಕ್ಕೆ ತಿರುಗಿತ್ತು. ನೀರು ಕೂಗಳತೆಯಲ್ಲಿತ್ತು.

ತಿರುಗಿ ನೋಡಿದೆ. ದೂರದಲ್ಲಿ ಗಾಡಿ ನಿಂತಿತ್ತು. ಬಾನೆಟ್ ತೆರೆದಿತ್ತು, ಸೀಟಿನ ಮೇಲೆ ಲೋಟ ಇತ್ತು, ಕೀಲಿ ಅದರಲ್ಲೇ ಇತ್ತು. ನಾನಿರಲಿಲ್ಲ, ಬಂದೂಕಿರಲಿಲ್ಲ.

ತೆಳು ಮಂಜುಗಡ್ಡೆಯ ಮೇಲೆ ನಿಲ್ಲಬಾರದೆಂದು ಗೊತ್ತಿದ್ದರಿಂದ ಗಾಡಿಯವರೆಗೂ ಬಂದು, ಅದಕ್ಕೆ ಒರಗಿ ಕೂತು ಅತ್ತೆ. ಅಣ್ಣಾ ಅಣ್ಣಾ ಎಂದು ಗಟ್ಟಿಯಾಗಿಯೇ ಅತ್ತೆ, ಕೇಳುವವರು ಯಾರಿದ್ದರು. ಅವನೆಲ್ಲೂ ನಡೆದು ಹೊರಟಿರಲಿಲ್ಲ. ಗಾಡಿ ಆರಲಿ ಅಂತ ಬಾನೆಟ್ ತೆರೆದ, ಚಹಾ ಕುಡಿದ, ಸೀಲ್ ಕಂಡ, ಎದ್ದುಹೋದ. ಎಷ್ಟು ಸಲ ಹಾಗೆ ಹೋಗಿ ಮಾಂಸ ಎಳೆದುಕೊಂಡು ವಾಪಸು ಬಂದಿದ್ದನೋ. ಆ ಒಂದು ದಿನ ಗಾಳಿ ತಿರುಗಿತು.

ಅತ್ತು ಮುಗಿಸಿ ಕೀಲಿ ತಿರುಗಿಸಿದೆ. ಹೊತ್ತಿಕೊಂಡಿತು. ಕೆಂಪು ದೀಪ ಆರಿತ್ತು. ಅಣ್ಣ ಬೇಟೆಯಲ್ಲಿ ಅವಸರ ಮಾಡದ ಮನುಷ್ಯನಾಗಿದ್ದ. ಎಲ್ಲರಿಗೂ ಮಾಂಸ ಹಂಚಿ ತನಗೆ ಪಕ್ಕೆಲುಬು ಉಳಿಸಿಕೊಳ್ಳುತ್ತಿದ್ದ.

ಮೇ ೭

ಸಕಿಯಾಸಿಯ ಮನೆಯ ಮುಂದೆ ನೀರಿನ ಲಾರಿ ನಿಲ್ಲಿಸಿ, ತೊಟ್ಟಿ ತುಂಬಿಸಿ, ಬಾಗಿಲು ತಟ್ಟದೆ ಬಂದೆ. ಒಳಗೆ ಹೋಗಿ ಕೈ ಹಿಡಿದುಕೊಂಡರೆ ಅವನೊಬ್ಬನಿಗೆ ತಿಳಿಯುತ್ತದೆ. ನಾನು ಆಡಿದ್ದು ಅರ್ಧ ಊರಿನ ಮುಂದೆ.

ಸಂಜೆ ಊರಿನ ರೇಡಿಯೋದಲ್ಲಿ ಅಂಕಿ ಕೂಗುವ ಬಿಂಗೊ ಆಟ ಶುರುವಾಗುವ ಮೊದಲು ಎಲ್ಲ ಮನೆಯವರೂ ಕಿವಿಗೊಟ್ಟಿರುತ್ತಾರೆ. ಆಗ ರೇಡಿಯೋ ಕೇಂದ್ರಕ್ಕೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಹೇಳಿದೆ. "ನಾನು ಕುಪಾಕ್. ನಮ್ಮಣ್ಣನ ಗಾಡೀನ ಪೂರ್ತಿ ಬಿಚ್ಚಿ ನೋಡಿದೀನಿ, ಅಂಚಿನವರೆಗೂ ಓಡಿಸಿ ನೋಡಿದೀನಿ. ಅದರಲ್ಲಿ ಏನೂ ದೋಷ ಇರಲಿಲ್ಲ. ಸಕಿಯಾಸಿ ಕೆಲಸ ಸರಿಯಾಗೇ ಮಾಡಿದ್ದ. ಅಂಗಡೀಲಿ ನಾನು ಆಡಿದ್ದು ಸುಳ್ಳು ಮಾತು. ಅಷ್ಟೆ."

ಆಮೇಲೆ ಬಿಂಗೊ ನಡೆಸುವ ಹೆಂಗಸು ಗಂಟಲು ಸರಿಮಾಡಿಕೊಂಡು ಮೊದಲ ಅಂಕಿ ಕೂಗಿದಳು.

ಸಕಿಯಾಸಿ ಬರಲಿಲ್ಲ. ಅವನು ಬರಬೇಕು ಅನ್ನುವುದಕ್ಕೆ ನನಗೆ ಯಾವ ಹಕ್ಕೂ ಇಲ್ಲ.

ಮೇ ೧೬

ಮಧ್ಯಾಹ್ನ ಫೋನ್ ಬಂತು. ರೋಡಾಳ ದನಿ ಸೋತು ಹೋಗಿತ್ತು. ಹೆಣ್ಣು ಕೂಸು. ಇಬ್ಬರೂ ಚೆನ್ನಾಗಿದ್ದಾರೆ.

"ಯಾರು ಬಂದಿದಾರೆ ಹೇಳು" ಅಂದಳು.

ಅಮ್ಮ ನನ್ನ ಬೆನ್ನ ಹಿಂದೆ ಬಂದು ನಿಂತದ್ದು ಗೊತ್ತಾಯಿತು.

"ಉಯಾರಾಕ್" ಅಂದೆ. "ಉಯಾರಾಕ್ ಬಂದಿದಾನೆ."

ಆ ಕಡೆ ರೋಡಾ ಕೂಸಿನ ಕಿವಿಯಲ್ಲಿ ಅದನ್ನೇ ಹೇಳುತ್ತಿದ್ದುದು ಕೇಳಿಸಿತು. ಅಮ್ಮ ನನ್ನ ಬೆನ್ನಿಗೆ ಹಣೆ ಒತ್ತಿ ನಿಂತಳು. ಅಂಗಿ ಒದ್ದೆಯಾಯಿತು.

"ಬೆಚ್ಚಗಿದಾನಾ ಕೇಳು" ಅಂದಳು.

ಕೇಳಿದೆ. ಬೆಚ್ಚಗಿದ್ದಾನಂತೆ.

ಜೂನ್ ೩

ಅಣ್ಣನಿಗೆ ಬೆಳಿಗ್ಗೆಯಿಂದ ಬಿಕ್ಕಳಿಕೆ. ಕುಡಿದ ಹಾಲನ್ನೆಲ್ಲ ನನ್ನ ಹೆಗಲ ಮೇಲೆ ಕಕ್ಕಿದಳು, ಎರಡು ಅಂಗಿ ಬದಲಿಸಿದ್ದಾಯಿತು. ಕೆಲಸಕ್ಕೆ ಹೊರಡುವಾಗ ಅಳು ಶುರು. ರೋಡಾ ಕೂಸನ್ನು ಮನೆಗೆ ತಂದು ವಾರವೂ ಆಗಿಲ್ಲ, ಆಗಲೇ ಇಷ್ಟು ಹಟ. ಅಮ್ಮ ಮಾತ್ರ, "ನನ್ನ ಮಗನಿಗೆ ಮೊದಲಿಂದಲೂ ಬೆಳಿಗ್ಗೆ ಕೋಪ" ಎಂದು ಹೆಮ್ಮೆಯಿಂದ ಹೇಳಿಕೊಂಡು ಓಡಾಡುತ್ತಾಳೆ. ಬೈಯುವ ಹಾಗಿಲ್ಲ, ಅಣ್ಣನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಅಣ್ಣನ ಗಾಡಿ ಯಾರಿಗೆ ಅನ್ನುವ ಮಾತು ತಾನಾಗಿಯೇ ಮುಗಿಯಿತು. ಅವಳದ್ದು. ಕಾಲು ನೆಲಕ್ಕೆ ಎಟುಕುವವರೆಗೆ ನಾನು ನೋಡಿಕೊಂಡರಾಯಿತು. ಸಂಜೆ ಶೆಡ್ಡಿನಲ್ಲಿ ಅದಕ್ಕೆ ಬಟ್ಟೆ ಹೊದಿಸಿ ಬರುವ ಹೊತ್ತಿಗೆ ಮನೆಬಾಗಿಲಲ್ಲಿ ಲಿಯಾಳ ಬೂಟುಗಳಿದ್ದವು, ಪಕ್ಕದಲ್ಲಿ ದೊಡ್ಡವು ಇನ್ನೊಂದು ಜೊತೆ.

ಸಕಿಯಾಸಿ ಒಳಗೆ ಗೋಡೆಗೆ ಒರಗಿ ನಿಂತಿದ್ದ. ಬಹಳ ಇಳಿದುಹೋಗಿದ್ದ. ನನ್ನನ್ನು ನೋಡಲಿಲ್ಲ. ರೋಡಾಳ ಅಂಗಿಯ ಬೆನ್ನಿಗೆ, ಕೂಸು ಹೊರಲೆಂದೇ ಹೊಲಿದ ದೊಡ್ಡ ಟೋಪಿಯೊಳಗೆ ಮಲಗಿದ್ದ ಕೂಸನ್ನೇ ನೋಡುತ್ತಿದ್ದ. ನಾನು ಬೂಟು ಬಿಚ್ಚಿ ಬಾಗಿಲ ಹತ್ತಿರವೇ ನಿಂತೆ.

"ಎತ್ಕೋಬಹುದಾ?" ಎಂದು ರೋಡಾಳನ್ನು ಕೇಳಿದ.

ಅವಳು ಕೂಸನ್ನು ತೆಗೆದು ಅವನ ಕೈಗಿಟ್ಟಳು. ಅವನು ನೆಲದ ಮೇಲೆ ಕೂತ. ಎಷ್ಟು ತೊಳೆದರೂ ಗ್ರೀಸ್ ಹೋಗದ ಆ ಬೆರಳುಗಳಲ್ಲಿ ಅವಳ ತಲೆ ಹಿಡಿದುಕೊಂಡು, ಮುಖದ ಹತ್ತಿರ ಬಗ್ಗಿದ.

"ದೊಡ್ಡ ಭಾವ" ಅಂದ. "ನಾನು, ಸಕಿಯಾಸಿ."

ಅಣ್ಣ ಬಿಕ್ಕಳಿಸಿದಳು.

"ನಿನ್ನ ಗಾಡೀಗೆ ಕೂಲೆಂಟ್ ತುಂಬಿಸ್ಕೊಟ್ಟೆನಲ್ಲ, ನೆನಪಿದೆಯಾ? ನಾನು ತುಂಬಾ ಯೋಚ್ನೆ ಮಾಡ್ದೆ. ಎಲ್ಲಾ ಬೋಲ್ಟೂ ನೆನಪು ಮಾಡ್ಕೊಂಡೆ. ಸಣ್ಣ ಭಾವ ರೇಡಿಯೋದಲ್ಲಿ ಹೇಳಿದ್ದು ಕೇಳ್ದೆ, ಆದ್ರೂ ಸಮಾಧಾನ ಆಗಲಿಲ್ಲ. ಅಲ್ಲಿದ್ದವನು ನೀನು ತಾನೇ. ನೀನೇ ಹೇಳ್ಬೇಕು. ನಾನು ಸರಿಯಾಗೇ ಮಾಡಿದ್ನಾ?"

ಅಮ್ಮ ಹೊಲಿಯುತ್ತಿದ್ದ ಸೂಜಿ ಹಾಗೇ ನಿಂತಿತ್ತು. ಕೂಸು ಅವನ ಬಾಯಿಯನ್ನು ನೋಡಿತು, ಕಣ್ಣನ್ನು ನೋಡಿತು. ಆಮೇಲೆ ಅವಳ ಎರಡೂ ಹುಬ್ಬು ನಿಧಾನವಾಗಿ ಮೇಲಕ್ಕೆ ಹೋದವು.

ಸಕಿಯಾಸಿ ಅವಳ ಹೊದಿಕೆಯಲ್ಲಿ ಮುಖ ಹುದುಗಿಸಿದ. ಅವನ ಹೆಗಲು ಬಹಳ ಹೊತ್ತು ಕುಲುಕುತ್ತಿತ್ತು. ಲಿಯಾ ಬಂದು ಪಕ್ಕದಲ್ಲಿ ಕೂತಳು. ತಲೆ ಎತ್ತಿದಾಗ ಅವನು, ಅಂಗಡಿಯ ಆ ದಿನದ ನಂತರ ಮೊದಲ ಸಲ, ನನ್ನ ಮುಖ ನೋಡಿದ.

"ನೋಡಿದ್ಯಾ ಸಣ್ಣ ಭಾವ?"

"ನೋಡ್ದೆ" ಅಂದೆ. "ಅಣ್ಣ ಹೇಳಿದ್ಮೇಲೆ ಮುಗೀತು."